ಕಿವಿ ಕೇಳದ ಮಗುವಿನ ಮನೆಗೆ ಮೊದಲು ಯಾರು ಹೋಗಬೇಕು?

ಮಗುವಿಗೆ ಕಿವಿ ಕೇಳುತ್ತದೋ ಇಲ್ಲವೋ ಎಂಬ ಅನುಮಾನ ಬಂದಾಗ ನಮ್ಮ ಮನೆಗಳಲ್ಲಿ ಮೊದಲು ಮಾಡುವುದು ಬೆನ್ನ ಹಿಂದೆ ನಿಂತು ಸ್ಟೀಲ್ ತಟ್ಟೆ ಬಡಿಯುವುದು. ಮಗು ತಿರುಗಿ ನೋಡಿತೆಂದರೆ ಎಲ್ಲರಿಗೂ ಸಮಾಧಾನ. ತಿರುಗಿದ್ದು ಸದ್ದಿಗೇ ಹೌದೋ, ಗೋಡೆಯ ಮೇಲೆ ಸರಿದ ನೆರಳಿಗೋ, ಮೆತ್ತಿನ (ಮಹಡಿಯ) ಹಲಗೆ ಅದುರಿದ್ದಕ್ಕೋ ಎಂದು ಯಾರೂ ಯೋಚಿಸುವುದಿಲ್ಲ. ತಟ್ಟೆಯ ಸದ್ದು ಬಲು ಜೋರು. ಮಾತು ಸರಿಯಾಗಿ ಕೇಳದ ಮಗುವೂ ಅದಕ್ಕೆ ತಿರುಗಬಹುದು. ಮೇಲಿಂದ ಅಜ್ಜಿಯ ಮಾತು ಬೇರೆ: ‘ಇವನ ಅಪ್ಪ ಬಾಯಿ ಬಿಟ್ಟಿದ್ದೂ ಮೂರು ತುಂಬಿದ ಮೇಲೇ.’ ಹೀಗೆ ಎರಡು ವರ್ಷ ಕಳೆದುಹೋಗುತ್ತದೆ.

ಆಮೇಲೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡಾಟ. ಬೆರಾ ಟೆಸ್ಟ್ (ಸದ್ದು ಕಿವಿಯ ನರದ ಮೂಲಕ ಮಿದುಳಿಗೆ ತಲುಪುತ್ತದೆಯೇ ಎಂದು ನೋಡುವ ಪರೀಕ್ಷೆ), ಕಿವಿಗೆ ಮಷಿನ್, ಅಂಗವೈಕಲ್ಯದ ಗುರುತಿನ ಚೀಟಿ, ಅನುಕೂಲವಾದರೆ ಆಪರೇಷನ್ ಮಾಡಿ ಒಳಗಿವಿಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್. ಒಂದೊಂದಕ್ಕೂ ಒಂದೊಂದು ಕೌಂಟರ್, ಒಂದೊಂದು ಅರ್ಜಿ. ಆದರೆ ಮನೆಗೆ ಬಂದ ಮಾರನೇ ದಿನ ಬೆಳಿಗ್ಗೆ ಆ ತಾಯಿ ಮಗುವಿನ ಜೊತೆ ಹೇಗೆ ಮಾತಾಡಬೇಕು ಎಂದು ತೋರಿಸಿಕೊಡುವವರು ಈ ಸಾಲಿನಲ್ಲಿ ಯಾರೂ ಇಲ್ಲ. ‘ಚೆನ್ನಾಗಿ ಮಾತಾಡಿಸಿ’ ಎಂದು ಚೀಟಿಯಲ್ಲಿ ಬರೆದು ಕಳಿಸುತ್ತಾರೆ, ಅಷ್ಟೇ. ಉತ್ತರ ಕನ್ನಡದಂಥ ಜಿಲ್ಲೆಯಲ್ಲಿ ಈ ಕೊರತೆಯನ್ನು ಇನ್ನೊಂದು ಯಂತ್ರ ತುಂಬಲಾರದು. ಕಿವಿ ಕೇಳದೆಯೇ ಬೆಳೆದು, ದುಡಿದು, ಸಂಸಾರ ನಡೆಸುತ್ತಿರುವ ದೊಡ್ಡವರೊಬ್ಬರು ವಾರಕ್ಕೊಮ್ಮೆ ಆ ಮನೆಗೆ ಹೋಗುವ ವ್ಯವಸ್ಥೆ ಬೇಕು. ಅವರನ್ನು ಇಲ್ಲಿ ಕಿವುಡ ಮಾರ್ಗದರ್ಶಿ ಎಂದು ಕರೆಯುತ್ತೇವೆ. ‘ಕಿವುಡ’ ಎಂಬುದು ಆ ಸಮುದಾಯ ತನ್ನನ್ನು ತಾನೇ ಕರೆದುಕೊಳ್ಳುವ ಹೆಸರು, ಅದರಲ್ಲಿ ಅವಮಾನವಿಲ್ಲ. ಬಿಡಬೇಕಾದ ಪದ ‘ಮೂಗ’.

ಲೆಕ್ಕ ಎಲ್ಲಿ ತಪ್ಪುತ್ತದೆ

ಜಗತ್ತಿನೆಲ್ಲೆಡೆ ಒಪ್ಪಿಕೊಂಡ ಗಡುವು ಹೀಗಿದೆ: ಒಂದು ತಿಂಗಳೊಳಗೆ ಕಿವಿಯ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಭಾಷೆಯ ನೆರವು ಶುರು. ಆರು ತಿಂಗಳಿಗೆ ಮೊದಲೇ ದೋಷ ಗೊತ್ತಾಗಿ ನೆರವು ಸಿಕ್ಕ ಮಕ್ಕಳ ಭಾಷೆ ತಡವಾಗಿ ಗೊತ್ತಾದವರದಕ್ಕಿಂತ ಸ್ಪಷ್ಟವಾಗಿ ಮುಂದಿರುತ್ತದೆ ಎಂಬುದನ್ನು ಅಮೆರಿಕದ ಕೊಲರಾಡೊದಲ್ಲಿ ನಡೆದ, 1998ರಲ್ಲಿ ಪ್ರಕಟವಾದ ಅಧ್ಯಯನವೇ ತೋರಿಸಿತ್ತು.

ನಮ್ಮಲ್ಲಿ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. ಅದರ ಪಟ್ಟಿಯಲ್ಲಿ ಹುಟ್ಟು ಕಿವುಡೂ ಇದೆ. ಸಂಚಾರಿ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ತೊಡಕಿರುವುದು ಈ ದೋಷದ ಸ್ವಭಾವದಲ್ಲೇ. ಸೀಳುತುಟಿ, ಸೊಟ್ಟ ಪಾದ ಮನೆಭೇಟಿಗೆ ಬಂದ ಆಶಾ ಕಾರ್ಯಕರ್ತೆಯ ಕಣ್ಣಿಗೆ ಬೀಳುತ್ತವೆ, ಕಿವುಡು ಬೀಳುವುದಿಲ್ಲ. ಮಗು ನಗುತ್ತದೆ, ಅಳುತ್ತದೆ, ಐದಾರು ತಿಂಗಳ ತನಕ ಎಲ್ಲ ಮಕ್ಕಳಂತೆ ಗೊಣಗುಟ್ಟುತ್ತದೆ. ಅದಕ್ಕೆ ಯಂತ್ರವೇ ಬೇಕು. ಸದ್ದಿಗೆ ಒಳಗಿವಿ ಮರುದನಿ ಕೊಡುತ್ತದೆಯೇ ಎಂದು ನೋಡುವ ಓಎಇ ತಪಾಸಣೆಗೆ ಕೆಲವೇ ನಿಮಿಷ ಸಾಕು, ಮಲಗಿರುವ ಮಗುವಿನ ಕಿವಿಯಲ್ಲಿ ಮೆತ್ತನೆಯ ಸಣ್ಣ ತುದಿಯೊಂದನ್ನು ಇಟ್ಟು ನೋಡುತ್ತಾರೆ. ‘ರೆಫರ್’ ಎಂದು ಬಂದರೆ ಕಿವುಡು ಎಂದು ಅರ್ಥವಲ್ಲ, ಕಿವಿಯಲ್ಲಿ ಹೆರಿಗೆಯ ನೀರು ಉಳಿದಿದ್ದರೂ ಹಾಗೆ ಬರುತ್ತದೆ, ಮತ್ತೆ ಮಾಡಿಸಬೇಕು. ‘ಪಾಸ್’ ಎಂದು ಬಂದರೂ, ಜಾಸ್ತಿ ಕಾಮಾಲೆಯಾಗಿದ್ದ ಅಥವಾ ಐಸಿಯುನಲ್ಲಿ ಐದು ದಿನಕ್ಕಿಂತ ಹೆಚ್ಚು ಇದ್ದ ಮಗುವಿಗೆ ಬೆರಾ ಮಾಡಿಸಲೇಬೇಕು. ಕಿವಿಯಿಂದ ಮಿದುಳಿಗೆ ಹೋಗುವ ನರದ ದೋಷವನ್ನು ಓಎಇ ಹಿಡಿಯುವುದಿಲ್ಲ.

ಬೆರಾ ಪರೀಕ್ಷೆಗೆ ಮಗು ನಿದ್ದೆಯಲ್ಲಿರಬೇಕು. ಶಿರಸಿಯಿಂದಲೋ ಕಾರವಾರದಿಂದಲೋ ಹೊರಟವರಿಗೆ ಎದುರಾಗುವ ಕಷ್ಟ ಇದೇ: ಘಟ್ಟದ ದಾರಿಯುದ್ದಕ್ಕೂ ಬಸ್ಸಿನಲ್ಲಿ ನಿದ್ದೆ ಹೊಡೆದ ಕೂಸು ಆಸ್ಪತ್ರೆಯಲ್ಲಿ ಕಣ್ಣರಳಿಸಿ ಕೂರುತ್ತದೆ. ಪರೀಕ್ಷೆ ಮುಂದಕ್ಕೆ ಹೋಗುತ್ತದೆ, ಇನ್ನೊಂದು ದಿನದ ಕೂಲಿ ಹೋಗುತ್ತದೆ. ಬಸ್ಸಿನಲ್ಲಿ ಮಗುವನ್ನು ಎಚ್ಚರವಾಗಿಟ್ಟು, ಪರೀಕ್ಷೆಗೆ ತುಸು ಮೊದಲು ಹಾಲೂಡಿಸಿ ಮಲಗಿಸಿ ಎಂದು ಅಪಾಯಿಂಟ್‌ಮೆಂಟ್ ಕೊಡುವಾಗಲೇ ಹೇಳಿದರೆ ಅನೇಕ ಮನೆಗಳಿಗೆ ಎರಡನೇ ಪ್ರಯಾಣ ಉಳಿಯುತ್ತದೆ.

ಇನ್ನು ಎಷ್ಟು ಮಕ್ಕಳು? ಹುಟ್ಟುವ ಸಾವಿರ ಮಕ್ಕಳಲ್ಲಿ ಒಂದೆರಡಕ್ಕೆ ಶಾಶ್ವತ ಶ್ರವಣದೋಷ ಇರುತ್ತದೆ ಎಂಬುದು ಸಾಮಾನ್ಯವಾಗಿ ಬಳಸುವ ಅಂದಾಜು. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 14.37 ಲಕ್ಷ. ವರ್ಷಕ್ಕೆ ಸಾವಿರ ಜನಕ್ಕೆ 14 ಹೆರಿಗೆ ಎಂದು ಹಿಡಿದರೆ ಸುಮಾರು 20,000 ಮಕ್ಕಳು, ಅವರಲ್ಲಿ ಕಿವಿ ಕೇಳದವರು 20ರಿಂದ 40. ಹನ್ನೆರಡು ತಾಲ್ಲೂಕಿಗೆ ಹಂಚಿದರೆ ತಾಲ್ಲೂಕಿಗೆ ವರ್ಷಕ್ಕೆ ಎರಡು-ಮೂರು ಮಕ್ಕಳು. ಸಂಖ್ಯೆ ಚಿಕ್ಕದು, ಕೈಗೆಟಕುವಂಥದ್ದು. ಕಷ್ಟವಿರುವುದು ಹರಡಿಕೊಂಡಿರುವುದರಲ್ಲಿ: 10,291 ಚದರ ಕಿಲೋಮೀಟರಿನ ಕಾಡು, ಕಣಿವೆ, ಕರಾವಳಿಯಲ್ಲಿ ಒಂದು ಮಗು ಜೋಯಿಡಾದ ಒಂಟಿಮನೆಯಲ್ಲಿ, ಇನ್ನೊಂದು ಭಟ್ಕಳದ ಪೇಟೆಯಲ್ಲಿ. ನಿಕರಾಗುವಾದ ಮನಾಗುವಾದಲ್ಲಿ 1970ರ ದಶಕದ ಕೊನೆಗೆ ಕಿವುಡ ಮಕ್ಕಳನ್ನು ಒಂದು ಶಾಲೆಯಲ್ಲಿ ಕೂಡಿಸಿದಾಗ ಆ ಮಕ್ಕಳೇ ತಮ್ಮೊಳಗೆ ಹೊಸ ಸನ್ನೆ ಭಾಷೆಯೊಂದನ್ನು ಕಟ್ಟಿಕೊಂಡರು. ನಾಲ್ಕು ಜನ ಕೂಡಿದರೆ ಭಾಷೆ ಹುಟ್ಟುತ್ತದೆ. ನಮ್ಮ ಒಂಟಿಮನೆಯ ಮಗುವಿಗೆ ಕೂಡಲು ಯಾರೂ ಇಲ್ಲ.

ತುಟಿ ನೋಡಿ ಎಷ್ಟು ತಿಳಿದೀತು

ಕಿವುಡ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಮಂದಿ ಹುಟ್ಟುವುದು ಕಿವಿ ಕೇಳುವ ಅಪ್ಪ-ಅಮ್ಮನಿಗೆ. ಆ ಅಪ್ಪ-ಅಮ್ಮ ಅದಕ್ಕೂ ಮೊದಲು ಒಬ್ಬ ಕಿವುಡರ ಜೊತೆಗೂ ಐದು ನಿಮಿಷ ಮಾತಾಡಿರುವುದಿಲ್ಲ. ಹಾಗಾಗಿ ಅವರಿಗೆ ಹೊಳೆಯುವ ದಾರಿ ಒಂದೇ, ಜೋರಾಗಿ ಹೇಳುವುದು, ತುಟಿ ನೋಡಲು ಹೇಳುವುದು.

ಕನ್ನಡಿಯ ಮುಂದೆ ನಿಂತು ದನಿ ತೆಗೆಯದೆ ‘ಪಾವು’, ‘ಬಾವು’, ‘ಮಾವು’ ಎಂದು ಹೇಳಿ ನೋಡಿ. ಮೂರಕ್ಕೂ ತುಟಿಯ ಆಟ ಒಂದೇ. ‘ಕ’, ‘ಗ’ ಗಂಟಲ ಹತ್ತಿರ ಹುಟ್ಟುವುದರಿಂದ ಕಾಣುವುದೇ ಇಲ್ಲ. ಭಾಷೆ ಮೊದಲೇ ಗೊತ್ತಿರುವ ದೊಡ್ಡವರು ಸಂದರ್ಭ ನೋಡಿ ಊಹಿಸಿಕೊಳ್ಳಬಹುದು. ಭಾಷೆಯನ್ನೇ ಇನ್ನೂ ಕಲಿಯಬೇಕಾದ ಮಗು ಯಾವುದರ ಮೇಲೆ ಊಹಿಸಬೇಕು? ಕನ್ನಡಕ್ಕೆ ಇನ್ನೊಂದು ತೊಡಕಿದೆ. ನಮ್ಮ ಮಾತಿನ ಅರ್ಥ ನಿಂತಿರುವುದು ಪದದ ಬಾಲದಲ್ಲಿ: ಮನೆಗೆ, ಮನೆಯಿಂದ, ಮನೆಯಲ್ಲಿ. ಆ ಬಾಲವನ್ನು ನಾವು ನುಂಗಿ ಆಡುತ್ತೇವೆ. ಮಷಿನ್ ಹಾಕಿದ ಮಗುವಿಗೂ ‘ಮನೆ’ ಕೇಳಿ ‘-ಯಿಂದ’ ಜಾರಿಹೋಗುತ್ತದೆ. ನಾಲ್ಕನೇ ತರಗತಿಯಲ್ಲಿ ಆ ಮಗು ‘ನಾನು ಮನೆ ಬಂದೆ’ ಎಂದು ಬರೆದರೆ ಟೀಚರು ಬುದ್ಧಿ ಕಮ್ಮಿ ಎಂದುಕೊಳ್ಳುತ್ತಾರೆ.

ಐದು ವರ್ಷದೊಳಗೆ ಯಾವ ಭಾಷೆಯೂ ಪೂರ್ತಿ ಸಿಗದಿದ್ದರೆ ಹೋಗುವುದು ಪದಗಳಷ್ಟೇ ಅಲ್ಲ. ನಿನ್ನೆ-ನಾಳೆಯ ಗೊತ್ತು, ‘ಯಾಕೆ’ ಎಂಬ ಪ್ರಶ್ನೆ, ಇನ್ನೊಬ್ಬರ ಮನಸ್ಸಿನಲ್ಲಿ ತನಗಿಂತ ಬೇರೆ ಯೋಚನೆ ಇರುತ್ತದೆ ಎಂಬ ತಿಳಿವಳಿಕೆ, ಎಲ್ಲವೂ ತಡವಾಗುತ್ತವೆ. ಸನ್ನೆ ಭಾಷೆ ಬಲ್ಲ ಕಿವುಡ ಅಪ್ಪ-ಅಮ್ಮನ ಕಿವುಡ ಮಕ್ಕಳಲ್ಲಿ ಈ ತಡ ಕಾಣುವುದಿಲ್ಲ. ಅಲ್ಲಿಗೆ ದೋಷ ಕಿವಿಯದಲ್ಲ, ಮಗುವಿಗೆ ಭಾಷೆ ತಲುಪದೆ ಹೋಗಿದ್ದರದು ಎಂದಾಯಿತು. ಸನ್ನೆ ಕಲಿತರೆ ಮಾತು ಬರುವುದಿಲ್ಲ ಎಂಬ ಹೆದರಿಕೆಗೂ ಆಧಾರವಿಲ್ಲ. ಈ ಹೆದರಿಕೆಯನ್ನು ಕೆಲವು ಥೆರಪಿ ಕೊಠಡಿಗಳಲ್ಲಿ ಇಂದಿಗೂ ಹುಟ್ಟಿಸುತ್ತಾರೆ. ಮಗುವಿನ ಅತಿ ಬೆಲೆಬಾಳುವ ಎರಡು-ಮೂರು ವರ್ಷ ಹಾಳಾಗುವುದು ಇದರಿಂದಲೇ.

ಮಾರ್ಗದರ್ಶಿ ಬಂದು ಏನು ಮಾಡುತ್ತಾರೆ

ಅಮೆರಿಕದ ಯೂಟಾ ರಾಜ್ಯದಲ್ಲಿ 1990ರ ದಶಕದಲ್ಲಿ ಸ್ಕೀ-ಹಾಯ್ ಸಂಸ್ಥೆ ಕಿವುಡ ವಯಸ್ಕರನ್ನು ಪುಟ್ಟ ಕಿವುಡ ಮಕ್ಕಳ ಮನೆಗಳಿಗೆ ಕಳಿಸಿ ನೋಡಿತು. ಅಂಥ ಭೇಟಿ ಸಿಕ್ಕ ಮಕ್ಕಳ ಭಾಷೆ, ಸಿಗದವರದಕ್ಕಿಂತ ಬೇಗ ಬೆಳೆಯಿತು. ಬೆಳೆದದ್ದು ಸನ್ನೆಯೊಂದೇ ಅಲ್ಲ, ಇಂಗ್ಲಿಷ್ ಕೂಡ. ಅಲ್ಲಿಂದ ತೆಗೆದುಕೊಳ್ಳಬೇಕಾದದ್ದು ಆ ಕ್ರಮವನ್ನು. ಪಾಠದ ಸಾಮಾನು ನಮ್ಮ ಮನೆಯೊಳಗೇ ಇದೆ.

ಕುಮಟಾ ಕಡೆಯ ಒಂದು ಅಡುಗೆಮನೆ ಎಂದುಕೊಳ್ಳಿ. ತಾಯಿ ಬಂಗಡೆ ಕೊಯ್ಯುತ್ತಿದ್ದಾಳೆ, ಎರಡು ವರ್ಷದ ಮಗು ಪಕ್ಕದಲ್ಲಿ ಕೂತಿದೆ. ಕಿವಿ ಕೇಳುವ ಮಗುವಾದರೆ ಮೀನು ನೋಡುತ್ತಲೇ ‘ಮೀನು, ನೋಡು ಮೀನು’ ಎಂಬ ಮಾತನ್ನೂ ಕೇಳಿಸಿಕೊಳ್ಳುತ್ತದೆ. ಕಿವುಡ ಮಗು ಒಂದು ಹೊತ್ತಿಗೆ ಒಂದನ್ನೇ ನೋಡಬಲ್ಲದು, ಮೀನು ಅಥವಾ ಅಮ್ಮನ ಕೈ. ಮೀನಿನಿಂದ ಮುಖ ತಿರುಗಿಸಿ ‘ಇಲ್ಲಿ ನೋಡು’ ಎಂದು ಗಲ್ಲ ಹಿಡಿದೆಳೆಯುವುದು ಎಲ್ಲ ಮನೆಯಲ್ಲೂ ಆಗುವ ತಪ್ಪು. ಮಾರ್ಗದರ್ಶಿ ಬೇರೆ ಥರ ಮಾಡುತ್ತಾರೆ. ಕಾಯುತ್ತಾರೆ. ಮಗು ಮೀನನ್ನು ಮನದಣಿಯೆ ನೋಡಿ ತಾನಾಗಿ ಕಣ್ಣೆತ್ತಿದ ಕ್ಷಣದಲ್ಲಿ ಮೀನಿನ ಸನ್ನೆ ಮಾಡುತ್ತಾರೆ, ಮೀನನ್ನು ಬೆರಳಲ್ಲಿ ತೋರಿಸುತ್ತಾರೆ, ಮತ್ತೆ ಸನ್ನೆ ಮಾಡುತ್ತಾರೆ. ಮಗು ಕಣ್ಣೆತ್ತದಿದ್ದರೆ ಕೈಯನ್ನೇ ಮೀನಿನ ಪಕ್ಕಕ್ಕೆ, ಮಗು ನೋಡುತ್ತಿರುವ ಜಾಗಕ್ಕೇ ಒಯ್ದು ಸನ್ನೆ ಮಾಡುತ್ತಾರೆ. ಕಿವುಡ ತಾಯಂದಿರು ತಮ್ಮ ಮಕ್ಕಳಿಗೆ ಸಹಜವಾಗಿ ಮಾಡುವುದು ಹೀಗೆ. ಕೇಳುವವರು ಇದನ್ನು ನೋಡಿಯೇ ಕಲಿಯಬೇಕು.

ಕರೆಯುವುದಕ್ಕೂ ಕ್ರಮವಿದೆ. ಭುಜದ ಮೇಲೆ ಮೆಲ್ಲಗೆ ಎರಡು ಸಲ ತಟ್ಟುವುದು, ಕಣ್ಣಂಚಿನಲ್ಲಿ ಕೈ ಬೀಸುವುದು, ಲೈಟಿನ ಸ್ವಿಚ್ಚನ್ನು ಒಮ್ಮೆ ಆರಿಸಿ ಹಾಕುವುದು. ಕಾಲಲ್ಲಿ ನೆಲ ಬಡಿದರೆ ಹಲಗೆಯ ಮೆತ್ತಿನಲ್ಲಿ ಗೊತ್ತಾಗುತ್ತದೆ, ಸಿಮೆಂಟಿನ ಮೇಲೆ ಗೊತ್ತಾಗದು. ಮಲೆನಾಡಿನ ಕತ್ತಲೆ ಅಡುಗೆಮನೆಯಲ್ಲಿ ಸನ್ನೆ ಮಾಡುವವರು ಕಿಟಕಿಗೆ ಬೆನ್ನು ಹಾಕಿ ಕೂತರೆ ಮಗುವಿಗೆ ಕಾಣುವುದು ಕಪ್ಪು ನೆರಳು ಮಾತ್ರ, ಬೆಳಕು ಮುಖದ ಮೇಲೆ ಬೀಳಬೇಕು. ಮಳೆಗಾಲದಲ್ಲಿ ಕರೆಂಟು ಹೋದ ರಾತ್ರಿ ಮಗುವಿಗೆ ಭಾಷೆಯೂ ಹೋದಂತೆಯೇ, ಆದ್ದರಿಂದ ಮಲಗುವ ಕೋಣೆಯಲ್ಲಿ ಚಾರ್ಜ್ ಆದ ಲ್ಯಾಂಪ್ ಕೈಗೆ ಸಿಗುವಂತೆ ಇರಬೇಕು.

ಮೊದಲ ಎರಡು ತಿಂಗಳು ವಾರಕ್ಕೆ ಎಂಟು-ಹತ್ತು ಸನ್ನೆ ಸಾಕು, ಆದರೆ ಮನೆಮಂದಿಯೆಲ್ಲ ಕಲಿಯಬೇಕು. ಬಣ್ಣ, ಹಣ್ಣು, ಪ್ರಾಣಿಗಳ ಪಟ್ಟಿಯಿಂದ ಶುರುಮಾಡುವುದು ಬೇಡ. ಬೇಕು, ಬೇಡ, ಇನ್ನೂ, ಆಯ್ತು, ನೋವು, ಎಲ್ಲಿ, ಅಪ್ಪ, ಆಯಿ, ನೀರು, ಹೆದರಿಕೆ, ಇವು ದಿನಕ್ಕೆ ಇಪ್ಪತ್ತು ಸಲ ಬೇಕಾಗುವ ಪದಗಳು. ಮನೆಯವರೇ ಮಾಡಿಕೊಂಡ ಸನ್ನೆಗಳು ಇದ್ದೇ ಇರುತ್ತವೆ. ಅವನ್ನು ತಪ್ಪೆಂದು ಅಳಿಸಬಾರದು. ಪಕ್ಕದಲ್ಲೇ ಭಾರತೀಯ ಸನ್ನೆ ಭಾಷೆಯ ಸನ್ನೆಯನ್ನೂ ತೋರಿಸುತ್ತ ಹೋದರೆ ಮಗು ಎರಡನ್ನೂ ಇಟ್ಟುಕೊಳ್ಳುತ್ತದೆ. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2021ರಲ್ಲಿ ಹೊರತಂದ ಮೂರನೇ ಆವೃತ್ತಿಯ ನಿಘಂಟಿನಲ್ಲಿ 10,000 ಪದಗಳಿವೆ, ವಿಡಿಯೊಗಳು ಮೊಬೈಲಿನಲ್ಲೇ ಸಿಗುತ್ತವೆ. ಮರೆತ ಸನ್ನೆ ನೆನಪಿಸಿಕೊಳ್ಳಲು ದೊಡ್ಡವರಿಗೆ ಅದು ಒಳ್ಳೆಯದು. ಎರಡು ವರ್ಷದ ಮಗು ವಿಡಿಯೊ ನೋಡಿ ಭಾಷೆ ಕಲಿಯುವುದಿಲ್ಲ, ಅದಕ್ಕೆ ಉತ್ತರ ಕೊಡುವ ಮನುಷ್ಯರು ಬೇಕು.

ಮಳೆಗಾಲ ಮತ್ತು ಮಷಿನ್

ಮಾರ್ಗದರ್ಶಿ ಬೇಕು ಎಂದರೆ ಮಷಿನ್ ಬೇಡ ಎಂದಲ್ಲ. ಮಷಿನ್ನನ್ನು ಬದುಕಿಸಿಕೊಳ್ಳುವ ಉಪಾಯ ಹೇಳಲು ಅದನ್ನು ವರ್ಷಗಟ್ಟಲೆ ಕಿವಿಯಲ್ಲಿ ಹಾಕಿಕೊಂಡವರಿಗಿಂತ ಬಲ್ಲವರಿಲ್ಲ. ಕರಾವಳಿಯಲ್ಲಿ ಜೂನ್ ಹೊತ್ತಿಗೆ ಮಷಿನ್ ಬೀರುವಿಗೆ ಸೇರುವುದಕ್ಕೆ ಕಾರಣ ಹೆಚ್ಚಿನ ಸಲ ತೇವ. ಮೋಲ್ಡಿನ (ಕಿವಿಯ ಅಚ್ಚು ತೆಗೆದು ಮಾಡಿದ, ಕಿವಿಯೊಳಗೆ ಕೂರುವ ತುಂಡಿನ) ಸಣ್ಣ ಕೊಳವೆಯಲ್ಲಿ ನೀರಿನ ಒಂದು ಹನಿ ನಿಂತರೂ ಸದ್ದು ಕಿವಿಗೆ ಹೋಗುವುದಿಲ್ಲ. ರಬ್ಬರ್ ಬುರುಡೆಯ ಊದುಕದಿಂದ ದಿನಾ ಬೆಳಿಗ್ಗೆ ಊದಿ ಹನಿ ತೆಗೆಯಬೇಕು, ಬಾಯಲ್ಲಿ ಊದಿದರೆ ಎಂಜಲಿನ ತೇವ ಇನ್ನಷ್ಟು ಸೇರುತ್ತದೆ. ರಾತ್ರಿ ಸೆಲ್ ತೆಗೆದು, ಸೆಲ್ಲಿನ ಬಾಗಿಲು ತೆರೆದಿಟ್ಟು, ಮಷಿನ್ನನ್ನು ಸಿಲಿಕಾ ಜೆಲ್ ಹಾಕಿದ ಬಿಗಿಮುಚ್ಚಳದ ಡಬ್ಬದಲ್ಲಿ ಇಡಬೇಕು. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಅದು ನೀರು ಕುಡಿದು ತುಂಬಿದೆ ಎಂದರ್ಥ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟು ಒಣಗಿಸುವುದು ನಮ್ಮ ಕಡೆಯ ಹಳೆಯ ರೂಢಿ. ಮಷಿನ್ನಿಗೆ ಅದು ವಿಷ: ಮಸಿ ಮೈಕಿನ ತೂತು ಮುಚ್ಚುತ್ತದೆ, ಕಾವಿಗೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ.

ಸೆಲ್ಲುಗಳು ಗಾಳಿಯಿಂದ ಕೆಲಸ ಮಾಡುವ ಜಿಂಕ್-ಏರ್ ಬಗೆಯವು. 675 ನಂಬರಿನದಕ್ಕೆ ನೀಲಿ ಚೀಟಿ, 13ರದಕ್ಕೆ ಕಿತ್ತಳೆ. ಚೀಟಿ ಕಿತ್ತ ಮೇಲೆ ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಹಾಕಬೇಕು. ಒಮ್ಮೆ ಕಿತ್ತರೆ ಬಳಸಲಿ ಬಿಡಲಿ ಸೆಲ್ ಸವೆಯುತ್ತದೆ, ಮತ್ತೆ ಅಂಟಿಸಿ ಉಳಿಸುತ್ತೇವೆ ಎನ್ನುವುದು ಸುಳ್ಳು. ಮಗು ಸೆಲ್ ನುಂಗಿದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಮಷಿನ್ ಕುಯ್ಯೆಂದು ಕೂಗಿದರೆ ಮೋಲ್ಡು ಸಡಿಲವಾಗಿದೆ ಎಂದು ತಿಳಿಯಿರಿ. ಪುಟ್ಟ ಮಕ್ಕಳ ಕಿವಿ ಬೇಗ ಬೆಳೆಯುವುದರಿಂದ ಮೂರರಿಂದ ಆರು ತಿಂಗಳಿಗೆ ಹೊಸ ಮೋಲ್ಡು ಬೇಕು. ಕೂಗು ನಿಲ್ಲಲಿ ಎಂದು ಸದ್ದು ಕಡಿಮೆ ಮಾಡಿಟ್ಟರೆ ಮಗುವಿಗೆ ಕೇಳಿಸುವುದೂ ಕಡಿಮೆಯಾಗುತ್ತದೆ.

ದಿನಾ ಬೆಳಿಗ್ಗೆ ಆರು ಸದ್ದಿನ ಪರೀಕ್ಷೆ: ಮ್, ಊ, ಆ, ಈ, ಶ್, ಸ್. ತಗ್ಗು ಸದ್ದಿನಿಂದ ಚೂಪು ಸದ್ದಿನವರೆಗೆ ಮಾತಿನ ಹರವನ್ನೆಲ್ಲ ಈ ಆರು ಮುಟ್ಟುತ್ತವೆ. ಬಾಯಿಗೆ ಕೈ ಅಡ್ಡ ಹಿಡಿದರೆ ‘ಸ್’ ಮಂಕಾಗುತ್ತದೆ, ಹಾಗಾಗಿ ಮಗುವಿನ ಪಕ್ಕದಲ್ಲಿ ತುಸು ಹಿಂದೆ ಕೂರಬೇಕು. ಮೂರು ದಾಟಿದ ಮಗುವಿಗೆ ‘ಸದ್ದು ಕೇಳಿದಾಗ ಬುಟ್ಟಿಗೊಂದು ಅಡಿಕೆ ಹಾಕು’ ಎಂದು ಆಟ ಕಲಿಸಬಹುದು. ನಿನ್ನೆ ಆರಕ್ಕೂ ಹಾಕಿದ್ದು ಇಂದು ‘ಶ್’, ‘ಸ್’ಗೆ ಹಾಕಲಿಲ್ಲ ಎಂದರೆ ಸೆಲ್, ಕೊಳವೆ, ಮೋಲ್ಡು ನೋಡಿ. ಮೂರೂ ಸರಿಯಿದ್ದರೆ ಕಿವಿಯಲ್ಲಿ ನೆಗಡಿಯ ನೀರು ತುಂಬಿರಬಹುದು, ವೈದ್ಯರಿಗೆ ತೋರಿಸಿ.

ಇಂಪ್ಲಾಂಟ್ ಆದ ಮಕ್ಕಳಿಗೂ ಇದೇ ಪರೀಕ್ಷೆ. ಆಪರೇಷನ್ ಆಗಿ ಮೂರು-ನಾಲ್ಕು ವಾರಕ್ಕೆ ಸಾಧನ ಚಾಲೂ ಮಾಡುತ್ತಾರೆ, ಆಮೇಲೆ ಮೊದಲ ವರ್ಷದಲ್ಲಿ ಹಲವು ಸಲ ಮ್ಯಾಪಿಂಗ್ (ಸಾಧನವನ್ನು ಆ ಮಗುವಿನ ಕಿವಿಗೆ ಹೊಂದಿಸುವುದು), ಜೊತೆಗೆ ವರ್ಷಗಟ್ಟಲೆ ಥೆರಪಿ. ಅಷ್ಟು ದಿನ ಮಗು ಭಾಷೆಯಿಲ್ಲದೆ ಕಾಯುವಂತಿಲ್ಲ. ಸನ್ನೆ ಅದೇ ದಿನ ಶುರುವಾಗಬಲ್ಲದು. ಆಷಾಢದ ಮಳೆ ಅಂಗನವಾಡಿಯ ತಗಡಿನ ಮಾಡಿನ ಮೇಲೆ ಸುರಿಯುವಾಗ ಮಷಿನ್ ಎತ್ತಿಕೊಡುವುದು ಮಳೆಯ ಸದ್ದನ್ನೇ. ಟೀಚರಿಗೆ ನಲವತ್ತು ಸನ್ನೆ ಗೊತ್ತಿದ್ದರೂ ಆ ದಿನ ಮಗುವಿಗೆ ಪಾಠ ಉಂಟು.

ಯಾವ ಭಾಷೆಯಲ್ಲಿ?

ಕಾರವಾರದ ಮನೆಯಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಶಿರಸಿಯ ತೋಟದ ಮನೆಯಲ್ಲಿ ಹವ್ಯಕ ಕನ್ನಡ, ಹಳಿಯಾಳದಲ್ಲಿ ಮರಾಠಿ. ಥೆರಪಿ ಮಾತ್ರ ಪುಸ್ತಕದ ಕನ್ನಡದಲ್ಲಿ. ‘ಒಂದೇ ಭಾಷೆ ಆಡಿ’ ಎಂಬ ಸಲಹೆಯಿಂದಾಗಿ ತಾಯಿ ತನಗೆ ಸರಿಯಾಗಿ ಬಾರದ ಕನ್ನಡದಲ್ಲಿ ದಿನಕ್ಕೆ ಹತ್ತು ವಾಕ್ಯ ಹೇಳಿ ಸುಮ್ಮನಾಗುತ್ತಾಳೆ. ಮಗುವಿಗೆ ಬೇಕಾದದ್ದು ಮಾತಿನ ರಾಶಿ. ತಾಯಿ ಯಾವ ಭಾಷೆಯಲ್ಲಿ ಬೈಯುತ್ತಾಳೋ, ಯಾವುದರಲ್ಲಿ ಮುದ್ದು ಮಾಡುತ್ತಾಳೋ ಅದರಲ್ಲೇ ಆಡಲಿ. ಸನ್ನೆ ಎಲ್ಲದರ ಜೊತೆಗೂ ಇರಲಿ. ಭಾರತೀಯ ಸನ್ನೆ ಭಾಷೆಯ ವಾಕ್ಯಕ್ರಮ ನಮಗೆ ಪರಕೀಯವೂ ಅಲ್ಲ: ಕಾಲ ಸೂಚಿಸುವ ಪದ ಮೊದಲು, ಕ್ರಿಯೆ ಕೊನೆಗೆ, ‘ಇಲ್ಲ’ ಮತ್ತು ‘ಏನು’ ಕೊಟ್ಟಕೊನೆಗೆ. ‘ನಿನ್ನ ಹೆಸರು ಏನು’ ಎಂಬುದನ್ನು ಇದ್ದ ಹಾಗೇ ಕೈಯಲ್ಲಿ ಕೇಳಬಹುದು.

ತಾಲ್ಲೂಕಿಗೆ ಒಬ್ಬರು

ವಾರಕ್ಕೆ ನಾಲ್ಕು ದಿನ, ದಿನಕ್ಕೆ ಎರಡು ಮನೆ, ಒಂದೊಂದರಲ್ಲಿ ಒಂದೂವರೆ ಗಂಟೆ. ಒಬ್ಬರಿಗೆ ಎಂಟು ಮನೆ, ಹನ್ನೆರಡು ತಾಲ್ಲೂಕಿಗೆ 96. ಒಂದು ಮಗುವಿಗೆ ಎರಡು ವರ್ಷದ ಜೊತೆ ಎಂದರೆ ಮೇಲಿನ ಲೆಕ್ಕದಂತೆ ಒಂದು ಹೊತ್ತಿಗೆ 40ರಿಂದ 80 ಮನೆ. ಸಾಕಾಗುತ್ತದೆ.

ಆಯ್ಕೆ ಮಾಡುವಾಗ ಸರ್ಟಿಫಿಕೇಟಿಗಿಂತ ಸನ್ನೆ ಎಷ್ಟು ಸರಾಗ ಎಂದು ನೋಡಬೇಕು. ಟೈಲರಿಂಗ್, ಗ್ಯಾರೇಜು, ಬಲೆ ಕೆಲಸದಲ್ಲಿರುವ ಕಿವುಡರಲ್ಲಿ ಹೊರ ಜಿಲ್ಲೆಯ ವಸತಿ ಶಾಲೆಗಳಲ್ಲಿ ಓದಿ ಸನ್ನೆಯಲ್ಲಿ ಪಳಗಿದವರು ಇದ್ದಾರೆ. ಮೊದಲ ಆರು ಭೇಟಿಗೆ ಸನ್ನೆ ಬಲ್ಲ, ಕಿವಿ ಕೇಳುವ ಒಬ್ಬರು ಜೊತೆಗಿರಲೇಬೇಕು. ‘ಇವನಿಗೆ ಮಾತು ಬರುತ್ತದಾ, ಮದುವೆ ಆಗುತ್ತದಾ’ ಎಂಬ ಪ್ರಶ್ನೆಗಳು ಮೊದಲ ದಿನವೇ ಬರುತ್ತವೆ. ಅವಕ್ಕೆ ಉತ್ತರ ಸಿಗದೆ ಹೋದರೆ ಮನೆಯವರಿಗೆ ಮೂರನೇ ಭೇಟಿಯ ಹೊತ್ತಿಗೆ ಆಸಕ್ತಿ ಆರುತ್ತದೆ. ಭೇಟಿಯುದ್ದಕ್ಕೂ ಮನೆಯ ಹಿರಿಯರೊಬ್ಬರು ಮಗುವಿನ ಬಳಿ ಇರಬೇಕೆಂಬುದು, ಪೊಲೀಸ್ ಪರಿಶೀಲನೆ, ಇವೆರಡೂ ಬಿಡಲಾಗದ ನಿಯಮ.

ದುಡ್ಡಿಗೆ ದಾರಿಯಿದೆ. ಗ್ರಾಮ ಪಂಚಾಯಿತಿಗಳು ಸ್ವಂತ ವರಮಾನದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗಾಗಿ ಎತ್ತಿಡಬೇಕು. ಗ್ರಾಮಸಭೆಯಲ್ಲಿ ಕೇಳಿದರೆ ಮಾರ್ಗದರ್ಶಿಯ ಗೌರವಧನಕ್ಕೆ ಇದರಲ್ಲಿ ಪಾಲು ತೆಗೆಯಬಹುದು. ಮಗು ಎಲ್ಲಿದೆ ಎಂಬುದು ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಗೊತ್ತು. ಬಸ್ಸಿಗೆ ಅಂಗವಿಕಲರ ರಿಯಾಯಿತಿ ಪಾಸು ಇದೆ. ಮಾರ್ಗದರ್ಶಿ ಹೆಂಗಸಾದರೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಪ್ರಯಾಣವೇ ಉಚಿತ. ಕಾನೂನು ಒಂದು ಕಡೆ ಕೈಕೊಡುತ್ತದೆ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಎರಡೂ ಕಿವಿಯಲ್ಲಿ 60ರಿಂದ 70 ಡೆಸಿಬಲ್ ನಷ್ಟವಿದ್ದವರು ಮಂದ ಶ್ರವಣದವರು, 70 ಮುಟ್ಟಿದವರು ಕಿವುಡರು. 50 ಡೆಸಿಬಲ್ ನಷ್ಟದ ಮಗು ಎರಡರಲ್ಲೂ ಸೇರುವುದಿಲ್ಲ, ಆದರೆ ಮಾಮೂಲಿ ಮಾತಿನ ಸದ್ದೇ ಸುಮಾರು 60 ಡೆಸಿಬಲ್. ಆ ಮಗುವನ್ನೂ ಭೇಟಿಯ ಪಟ್ಟಿಗೆ ಸೇರಿಸಬೇಕು, ಅಂಗವೈಕಲ್ಯದ ಗುರುತಿನ ಚೀಟಿ ಕೇಳಬಾರದು.

ಕೆಡುವುದು ಎರಡು ಕಡೆ. ಅಪ್ಪ ಬೋಟಿನಲ್ಲೋ ಗೋವಾದ ಕೆಲಸದಲ್ಲೋ ಇದ್ದು, ತಾಯಿಯೊಬ್ಬಳೇ ಸನ್ನೆ ಕಲಿತು, ಮಗುವಿಗೆ ಅವಳೇ ದುಭಾಷಿಯಾಗುವುದು ಒಂದು. ಭೇಟಿಯ ದಿನವನ್ನು ಅಪ್ಪ, ಅಜ್ಜಿ ಮನೆಯಲ್ಲಿರುವ ಹೊತ್ತಿಗೆ ಹೊಂದಿಸಿದರೆ ಇದು ಎಷ್ಟೋ ಸುಧಾರಿಸುತ್ತದೆ. ಇನ್ನೊಂದು ಮಳೆಗಾಲ. 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಕಡಿದುಹೋದದ್ದನ್ನು ಯಾರೂ ಮರೆತಿಲ್ಲ. ಜೂನ್‌ನಿಂದ ಆಗಸ್ಟ್ ತನಕ ವಿಡಿಯೊ ಕರೆ ಇಟ್ಟುಕೊಳ್ಳಬಹುದು, ದೊಡ್ಡವರ ಅಭ್ಯಾಸಕ್ಕಾಗಿ. ಫೋನನ್ನು ಕೈಯಲ್ಲಿ ಹಿಡಿಯಬಾರದು, ಅಕ್ಕಿ ಡಬ್ಬಕ್ಕೆ ಒರಗಿಸಿ ಸೊಂಟದಿಂದ ತಲೆಯವರೆಗೆ ಕಾಣುವಷ್ಟು ದೂರ ಕೂರಬೇಕು, ಸನ್ನೆಗೆ ಎರಡೂ ಕೈ ಬೇಕು. ನೆಟ್‌ವರ್ಕ್ ಇಲ್ಲದ ಮನೆಗಳಿಗೆ ಮೇ ತಿಂಗಳಲ್ಲೇ ಭೇಟಿ ಎರಡರಷ್ಟು ಮಾಡಿ ಮುಗಿಸಬೇಕು.

ಕೆಲಸ ಆಗುತ್ತಿದೆಯೋ ಇಲ್ಲವೋ ನೋಡಲು ಮಗುವಿಗೆ ಎಷ್ಟು ಸನ್ನೆ ಬಂತು ಎಂದು ಎಣಿಸಿದರೆ ಸಾಲದು. ಮೂರು ತಿಂಗಳಿಗೊಮ್ಮೆ ಎರಡು ಸಂಗತಿ ಬರೆದಿಡಬೇಕು. ಮನೆಯಲ್ಲಿ ಎಷ್ಟು ಜನ ಈ ಮಗುವಿನ ಜೊತೆ ಐದು ನಿಮಿಷ ತಡವರಿಸದೆ ಮಾತಾಡಬಲ್ಲರು? ಮಗು ಕಣ್ಣೆದುರು ಇಲ್ಲದ್ದನ್ನು ಹೇಳುತ್ತದೆಯೇ, ನಿನ್ನೆಯ ಬಂಡಿಹಬ್ಬದಲ್ಲಿ ಕಂಡದ್ದನ್ನು, ಇನ್ನೂ ಬಾರದ ಅಪ್ಪನನ್ನು? ಮೂರೂವರೆ ವರ್ಷಕ್ಕೂ ಎರಡನೆಯದರ ಎದುರು ‘ಇಲ್ಲ’ ಎಂದೇ ಇದ್ದರೆ ಆ ಮನೆಗೆ ವಾರಕ್ಕೊಂದು ಭೇಟಿ ಸಾಲುತ್ತಿಲ್ಲ, ಎರಡಾಗಬೇಕು.